ಕಂಪ್ಯೂಟರ್ ಕೋಣೆಯಲ್ಲಿ ಕನ್ಯಾ ತೋರಿಸಿದ್ದು

ನೌಕರಿಯನ್ನು ಬೈಯುವ ಸುಖ ನೌಕರಿ ಇದ್ದವರಿಗೇ ಗೊತ್ತು. ಮನೆಯವರನ್ನು ಬೈದರೆ ಊಟದ ಹೊತ್ತಿಗೆ ಮುಖ ನೋಡುವುದು ಕಷ್ಟ. ಬಾಜೂಮನೆಯವರನ್ನು ಬೈದರೆ ಮರುದಿನ ಹಾಲಿಗೆ ಹೆಪ್ಪು ಕೇಳಲು ಬಾಯಿ ಬರುವುದಿಲ್ಲ. ಕಂಪನಿಯನ್ನಾದರೋ ಸಂಜೆ ಮನೆಗೆ ಬಂದು ಕಾಲು ತೊಳೆದುಕೊಂಡು ಮನಸಾರೆ ಬೈಯಬಹುದು. ಬೆಳಿಗ್ಗೆ ಹೋಗಿ ಅದೇ ಕಂಪನಿಯಲ್ಲಿ ಕೂಡಬಹುದು. ನನಗೆ ಈ ಸುಖ ಸ್ವಲ್ಪ ಹೆಚ್ಚೇ ಸಿಕ್ಕಿದೆ. ಯಾಕೆಂದರೆ ನಾನು ಕೆಲಸ ಮಾಡಿದ್ದು ಎಂಬತ್ತರ ದಶಕದ ಕೊನೆಯಲ್ಲಿ, ಕುಂದಗೋಳದಲ್ಲಿ, ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ. ಕುಂದಗೋಳದಲ್ಲಿ ಸಾಫ್ಟ್‌ವೇರ್ ಕಂಪನಿಯೇ ಎಂದು ನೀವು ಹುಬ್ಬೇರಿಸಿದರೆ ನನಗೇನೂ ಬೇಸರವಿಲ್ಲ. ಆಗ ಕುಂದಗೋಳದವರೂ ಹುಬ್ಬೇರಿಸಿದ್ದರು.

ಕಂಪನಿಯ ಮಾಲೀಕರು ವಿರೂಪಾಕ್ಷಪ್ಪನವರು. ತಲೆಮಾರುಗಳಿಂದ ಹತ್ತಿ ವ್ಯಾಪಾರದ ಮನೆತನ. ಇವರು ಮಾತ್ರ ಕೆಲವು ವರ್ಷ ಮುಂಬೈಯಲ್ಲಿದ್ದು, ತಿರುಗಿ ಬರುವಾಗ ಒಂದು ಕಂಪ್ಯೂಟರು ಮತ್ತು ತಾವು 'ಎಂ.ಡಿ.' ಎಂಬ ನಂಬಿಕೆ, ಎರಡನ್ನೂ ತಂದಿದ್ದರು. ಊರವರು ಎಂದಿನಂತೆ 'ಸಾವಕಾರ್ರ' ಎಂದೇ ಕರೆದರು. ಹತ್ತಿ ತುಂಬುವ ಗೋದಾಮಿನ ಒಂದು ಮೂಲೆಗೆ ಗೋಡೆ ಹಾಕಿಸಿ ಕೋಣೆ ಮಾಡಿ, ಹೊರಗೆ ಬೋರ್ಡು ಬರೆಸಿದರು. ಮೊದಲ ವಾರ ಬಂದವರೆಲ್ಲ ಕೇಳಿದ್ದು ಒಂದೇ: "ಇಲ್ಲಿ ಜಾತಕ ತೆಗೀತಾರೇನ್ರಿ?" ಆಗ ಹುಬ್ಬಳ್ಳಿಯಲ್ಲಿ ಕಂಪ್ಯೂಟರ್ ಜಾತಕದ ಅಂಗಡಿಗಳು ಬಂದಿದ್ದವು, ಕಂಪ್ಯೂಟರಿಗೆ ಅದಕ್ಕಿಂತ ಬೇರೆ ಉದ್ಯೋಗ ಇರಬಹುದೆಂದು ಯಾರಿಗೂ ಅನಿಸಿರಲಿಲ್ಲ. ನಾನು ರೈಲಿನಲ್ಲಿ ಹುಬ್ಬಳ್ಳಿಗೆ ಓಡಾಡಿ ಬಿ.ಎಸ್ಸಿ. ಮುಗಿಸಿ, ಅಲ್ಲೇ ಕಂಪ್ಯೂಟರ್ ಕೋರ್ಸು ಮಾಡಿ, ಅಪ್ಪನ ಕಿರಾಣಿ ಅಂಗಡಿಯಲ್ಲಿ ಬೆಲ್ಲದ ಪೆಂಟೆಗಳ ನಡುವೆ ಕುಳಿತಿದ್ದೆ. ವಿರೂಪಾಕ್ಷಪ್ಪನವರು ಚಹಾಪುಡಿ ಒಯ್ಯಲು ಬಂದವರು ನನ್ನನ್ನೂ ಒಯ್ದರು.

ಕೆಲಸ ಹೀಗಿತ್ತು: ಮುಂಬೈಯ ಒಂದು ಕಂಪನಿ ಅಲ್ಲಿಯ ಗಿರಾಕಿಗಳಿಂದ ಪ್ರೋಗ್ರಾಮ್ ಬರೆದುಕೊಡುವ ಕೆಲಸ ಹಿಡಿಯುತ್ತಿತ್ತು. ತಾನು ಬರೆಯುತ್ತಿರಲಿಲ್ಲ, ನಮಗೆ ಕೊಡುತ್ತಿತ್ತು. ನಾವು ಬರೆದು ಕಳಿಸಿದರೆ ತನ್ನ ಹೆಸರು ಹಾಕಿ ಗಿರಾಕಿಗೆ ಕೊಡುತ್ತಿತ್ತು. 'ನಾವು' ಎಂದರೆ ನಾನು. ಆ ಸಲ ಬಂದದ್ದು ಒಂದು ಲಾಡ್ಜಿನ ಕೆಲಸ. ಯಾವ ಕೋಣೆ ಖಾಲಿ, ಯಾವುದರಲ್ಲಿ ಯಾರಿದ್ದಾರೆ ಎಂದು ಕಂಪ್ಯೂಟರು ಹೇಳಬೇಕು. ನಾನು ಹುಟ್ಟಿದಂದಿನಿಂದ ಒಂದು ಲಾಡ್ಜಿನ ಒಳಗೂ ಕಾಲಿಟ್ಟವಳಲ್ಲ. ಮುಂಬೈಯಿಂದ ಫೋನು ಬರುತ್ತಿತ್ತು: ಒಂದು ಸಣ್ಣ ಬದಲಾವಣೆ ಇದೆ. ಮೊದಲು ಒಂದು ಕೋಣೆಗೆ ಒಬ್ಬರೇ ಅಂದರು. ಆಮೇಲೆ ಕುಟುಂಬವೂ ಬರಬಹುದು ಅಂದರು. ಅದನ್ನು ಮಾಡಿ ಮುಗಿಸಿದ ಮೇಲೆ, ಕುಟುಂಬದಲ್ಲಿ ಅರ್ಧ ಜನ ಮೊದಲೇ ಹೊರಟುಹೋದರೆ ಹೇಗೆ ಎಂದು ಕೇಳಿದರು. ವಿರೂಪಾಕ್ಷಪ್ಪನವರು ಎಲ್ಲಕ್ಕೂ ಫೋನಿನಲ್ಲಿ "ಆಗೇತ್ರಿ, ರೆಡಿ ಐತ್ರಿ" ಎಂದು ಹೇಳಿ, ರಿಸೀವರ್ ಇಟ್ಟು, ನನ್ನ ಕಡೆ ತಿರುಗಿ, "ಶಾಂತವ್ವ, ಅದು ಆಗ್ತೈತೇನು?" ಎಂದು ಕೇಳುತ್ತಿದ್ದರು. ಪ್ರೋಗ್ರಾಮನ್ನು ಅವರು ಕರೆಯುತ್ತಿದ್ದುದು 'ಮಾಲು' ಎಂದು. ಹತ್ತಿ ವ್ಯಾಪಾರದ ನಾಲಿಗೆ.

ಇನ್ನು ಏಸಿ. ಕಂಪ್ಯೂಟರಿಗೆ ಸೆಖೆ ತಾಗಬಾರದೆಂದು ಮುಂಬೈಯಲ್ಲಿ ಯಾರೋ ಹೇಳಿದ್ದರಂತೆ. ಹಾಗಾಗಿ ಊರಿನಲ್ಲಿ ಬೇರೆ ಯಾರ ಮನೆಯಲ್ಲೂ ಇಲ್ಲದ ಏಸಿ ನಮ್ಮ ಕೋಣೆಯಲ್ಲಿತ್ತು. ಒಳಗೆ ಬರುವವರು ಚಪ್ಪಲಿ ಬಿಡಬೇಕು, ಮೆಣಸಿನಕಾಯಿ ಮುಟ್ಟಿದ ಕೈಯಲ್ಲಿ ಬರಬಾರದು, ಜೋರಾಗಿ ಸೀನಬಾರದು. ವಿರೂಪಾಕ್ಷಪ್ಪನವರ ತಾಯಿ ಗಂಗವ್ವನಿಗೆ ಇದು ಸಹಿಸದಾಯಿತು. "ಉಸರಿಲ್ಲದ ಡಬ್ಬಿಗೆ ತಂಪು, ಹೆತ್ತ ತಾಯಿಗೆ ಬೀಸಣಿಗಿ!" ಎಂದು ಒಂದು ಮಧ್ಯಾಹ್ನ ಮೆಂತೆ ಸೊಪ್ಪಿನ ಬುಟ್ಟಿ ತಂದು ನನ್ನ ಕಾಲಬುಡದಲ್ಲೇ ಕುಳಿತು ಸೋಸತೊಡಗಿದರು. ಮರುದಿನ ಮೊಸರಿನ ಗಡಿಗೆ ಬಂತು, ಹುಳಿಯಾಗಬಾರದಲ್ಲ. ಆಮೇಲೆ ಓಣಿಯ ಹೆಂಗಸರು ಬಂದರು. ನಾನು ಕಂಪ್ಯೂಟರಿಗೆ ಹೇಳುವ ಮಾತಿನ ನಡುವೆ ಯಾರ ಸೊಸೆ ಯಾರಿಗೆ ಎದುರಾಡಿದಳೆಂಬುದೂ ಸೇರಿಹೋಗುತ್ತದೇನೋ ಎಂದು ನನಗೆ ಅಂಜಿಕೆ.

ಇಂಥ ಕಾಲದಲ್ಲಿ ನನಗೊಂದು ಸಂಬಂಧ ಬಂತು. ಕುಬಿಹಾಳದ ಹುಡುಗ, ಹೆಸರು ಈರಣ್ಣ, ಬಿ.ಎ. ಆಗಿ ಮನೆಯ ಹೊಲ ನೋಡಿಕೊಂಡಿದ್ದ. ಕನ್ಯಾ ನೋಡಲು ಶನಿವಾರ ಬರುತ್ತೇವೆಂದು ಹೇಳಿ ಕಳಿಸಿದರು. ಲಾಡ್ಜಿನ ಮಾಲು ಸೋಮವಾರ ಮುಂಬೈಗೆ ಹೋಗಬೇಕಿತ್ತು. ನಾನು ರಜೆ ಕೇಳಿದೆ. ವಿರೂಪಾಕ್ಷಪ್ಪನವರು ನಾನು ಅವರ ಕಿಡ್ನಿ ಕೇಳಿದಂತೆ ನೋಡಿದರು. "ಶನಿವಾರ ಹ್ಯಾಂಗ ಆಗ್ತೈತವ್ವ? ಲಗ್ನ ಯಾವಾಗರ ಮಾಡ್ಕೋಬಹುದು. ಮಾಲು?" ಅಲ್ಲೇ ಸೊಪ್ಪು ಸೋಸುತ್ತಿದ್ದ ಗಂಗವ್ವ ತಲೆ ಎತ್ತಿದರು: "ಇಲ್ಲೇ ತೋರಿಸಿದ್ರಾತು ತಗೋ. ಬೀಗರು ಬಿಸಲಾಗ ಬಂದಿರ್ತಾರ, ತಣ್ಣಗ ಕುಂದ್ರತಾರ." ಅಪ್ಪನಿಗೂ ಇದು ಒಪ್ಪಿಗೆಯಾಯಿತು. ಮಗಳ ಬಣ್ಣ ಸ್ವಲ್ಪ ಕಡಿಮೆ, ಏಸಿಯ ತಂಪಿನಲ್ಲಿ ಎದ್ದು ಕಾಣಲಿಕ್ಕಿಲ್ಲ ಎಂಬ ಲೆಕ್ಕವಿರಬೇಕು. ಹೀಗೆ ನನ್ನ ಕನ್ಯಾ ತೋರಿಸುವ ಶಾಸ್ತ್ರ ಕಂಪ್ಯೂಟರ್ ಕೋಣೆಯಲ್ಲಿ ಆಯಿತು.

ಬಂದವರು ಮೂವರು: ಈರಣ್ಣ, ಅವನ ತಾಯಿ ನೀಲವ್ವ, ಮತ್ತು ಶಲವಡಿಯಿಂದ ಬಂದ ಸೋದರಮಾವ. ಮಾವ ಎಂಬಾತ ಪಟಕ ಸುತ್ತಿದ, ಮೀಸೆ ಹುರಿಮಾಡಿದ ಗಟ್ಟಿ ಆಸಾಮಿ. ಅಪ್ಪ, ಗಂಗವ್ವ ಮತ್ತು ಬೀಗರು ಜಮಖಾನೆಯ ಮೇಲೆ. ನಾನು ಇಲಕಲ್ ಸೀರೆ ಉಟ್ಟು, ತಲೆತುಂಬ ಹೂ ಮುಡಿದು, ನನ್ನ ಎಂದಿನ ಸ್ಟೂಲಿನ ಮೇಲೆ. ಎದುರಿಗೆ ಹಸಿರು ಅಕ್ಷರಗಳ ಪರದೆಯಲ್ಲಿ, ಲಾಡ್ಜಿಗೆ ಬಂದ ಗಿರಾಕಿಗಳೆಲ್ಲ ಯಾಕೋ ಒಂದೇ ಕೋಣೆಗೆ ಹೋಗಿ ತುಂಬಿಕೊಳ್ಳುತ್ತಿದ್ದರು. ತಪ್ಪು ಎಲ್ಲಿದೆಯೆಂದು ಬೆಳಿಗ್ಗೆಯಿಂದ ಹುಡುಕುತ್ತಿದ್ದೆ.

"ರೊಟ್ಟಿ ಬಡಿಯಾಕ ಬರ್ತೈತೇನವ್ವ?" ಮಾವ ಕೇಳಿದ.

"ಬರ್ತೈತ್ರಿ," ಎಂದೆ, ಪರದೆ ನೋಡುತ್ತ.

"ಒಂದು ಹಾಡು?"

"ಬರಂಗಿಲ್ರಿ."

ಈರಣ್ಣ ನನ್ನನ್ನು ನೋಡುತ್ತಿರಲಿಲ್ಲ. ಅವನೂ ಪರದೆಯನ್ನೇ ನೋಡುತ್ತಿದ್ದ. ಕೊನೆಗೆ ತಡೆಯಲಾರದೆ, "ಅಲ್ಲಿ ಮಿಣಿ ಮಿಣಿ ಅಂತೈತಲ್ರಿ, ಅದೇನ್ರಿ?" ಎಂದ.

"ಕರ್ಸರ್ ರಿ."

"ಯಾಕ ಹಂಗ ಮಾಡ್ತೈತ್ರಿ?"

"ನಾ ಏನರ ಬರೀಲಿ ಅಂತ ಕಾಯಾಕತ್ತೈತ್ರಿ."

ಅವನು ಕರ್ಸರನ್ನು ಬಹಳ ಕರುಣೆಯಿಂದ ನೋಡಿದ. ಮದುವೆಯ ಮಾತುಕತೆಯಲ್ಲಿ ನಮ್ಮಿಬ್ಬರ ನಡುವೆ ನಡೆದ ಸಂಭಾಷಣೆ ಇಷ್ಟು.

ಉಪ್ಪಿಟ್ಟು, ಚಹಾ ಆದವು. ಮಾವ ಗಂಟಲು ಸರಿಮಾಡಿಕೊಂಡ. "ಹುಡುಗಿ ನಮಗ ಪಸಂದ ಐತ್ರಿ. ಆದ್ರ ಲಗ್ನಾದ ಮ್ಯಾಲೆ ನೌಕರಿ ಬಿಡಬೇಕಾಗ್ತೈತಿ. ಸೊಸಿ ದಿನಾ ಬಸ್ ಹತ್ತಿ ದುಡಿಯಾಕ ಹೋದ್ರ ಊರಾಗ ಮಂದಿ ಏನಂದಾರು?"

ಅಪ್ಪ ತಲೆಯಾಡಿಸಿದ. ದಿನಾ ಸಂಜೆ ಈ ನೌಕರಿ ಸಾಕಪ್ಪಾ ಸಾಕು ಎನ್ನುತ್ತಿದ್ದವಳು ನಾನೇ. ಆದರೆ ಬಿಡುವುದಾದರೆ ನಾನು ಬಿಡಬೇಕು. ಪಟಕದ ಮಾವ ಬಿಡಿಸುವುದೆಂದರೇನು? ಬಾಯಿ ತೆಗೆಯಬೇಕೆನ್ನುವಷ್ಟರಲ್ಲಿ ಬಾಗಿಲಲ್ಲಿ ನಿಂತಿದ್ದ ವಿರೂಪಾಕ್ಷಪ್ಪನವರು ಒಳಗೆ ನುಗ್ಗಿದರು.

"ಅದ್ಹ್ಯಾಂಗ್ರಿ ಬಿಡಸ್ತೀರಿ? ಇಕಿ ಬಿಟ್ರ ಕಂಪನಿ ಬಾಗಲಾ ಹಾಕಬೇಕಾಗ್ತೈತಿ!" ಎಂದವರು ಕ್ಷಣ ಯೋಚಿಸಿ, ವ್ಯಾಪಾರಸ್ಥರ ನಗೆ ನಕ್ಕರು. "ಒಂದು ಕೆಲಸ ಮಾಡೂಣು. ಹುಡುಗನೂ ಬಿ.ಎ. ಆಗ್ಯಾನ. ಅವನೂ ಇಲ್ಲೇ ಬರ್ಲಿ. ಗಂಡ ಬಾಜೂಕ ಕುಂತಿದ್ರ ಹೆಂಡ್ತಿ ನೌಕರಿಗೆ ಬಂದ್ಲಂತ ಯಾರು ಅಂತಾರ್ರಿ?"

ಮಾವನ ಮೀಸೆ ಅರಳಿತು. ಹೆಂಡತಿಯ ಕೈಕೆಳಗೆ ಗಂಡ ಇರುವುದು ಚೆಂದವಲ್ಲವೆಂದು ವಿರೂಪಾಕ್ಷಪ್ಪನವರು ಅಲ್ಲಿಯೇ ಈರಣ್ಣನನ್ನು ಸುಪರ್‌ವೈಜರ್ ಮಾಡಿದರು. ಅವನು ಯಾರನ್ನು ಸುಪರ್‌ವೈಜ್ ಮಾಡಬೇಕು? ಇದ್ದವಳು ನಾನೊಬ್ಬಳೇ. ಪಗಾರ ನನಗಿಂತ ಹೆಚ್ಚು. ಸೋಮವಾರ ಅವನಿಗೊಂದು ಕೈಯಿರುವ ಖುರ್ಚಿಯೂ ಬಂತು.

ಗುರುವಾರ ಶಲವಡಿಯಿಂದ ಮಾವ ಅಪ್ಪನಿಗೆ ಹೇಳಿ ಕಳಿಸಿದ: "ಹುಡುಗ ಈಗ ಕಂಪ್ಯೂಟರ್ ಸುಪರ್‌ವೈಜರ್ ಆಗ್ಯಾನ. ದೊಡ್ಡ ದೊಡ್ಡ ಕಡೆಯಿಂದ ಕೇಳಾಕತ್ತಾರ. ಸ್ವಲ್ಪ ತಡೀರಿ."

ಅಪ್ಪ ಅಂಗಡಿಯಲ್ಲಿ ಆ ದಿನ ಗಿರಾಕಿಗಳು ಅವಲಕ್ಕಿ ಕೇಳಿದರೆ ಚುರಮುರಿ ಕಟ್ಟಿಕೊಟ್ಟ. ನನ್ನ ಸಿಟ್ಟನ್ನು ಹೇಗೆ ವಿವರಿಸಲಿ? ನನ್ನನ್ನು ನೋಡಲು ಬಂದವನು ನನ್ನ ಆಫೀಸನ್ನು ಮೆಚ್ಚಿ ಸೇರಿಕೊಂಡಿದ್ದಾನೆ. ನನ್ನಿಂದ ಸಿಕ್ಕ ನೌಕರಿಯ ಬಲದ ಮೇಲೆ ನನಗಿಂತ ಒಳ್ಳೆಯ ಕನ್ಯಾ ಹುಡುಕುತ್ತಿದ್ದಾನೆ. ಮತ್ತು ಅವನಿಗೆ ಕೆಲಸ ಕಲಿಸಬೇಕಾದವಳು ನಾನು! ವಿರೂಪಾಕ್ಷಪ್ಪನವರಲ್ಲಿ ಹೋಗಿ ಗೋಳಾಡಿದೆ. "ಲಗ್ನ ಬ್ಯಾರೆ, ಆಫೀಸ ಬ್ಯಾರೆ ಶಾಂತವ್ವ," ಎಂದರು. ಕನ್ಯಾ ತೋರಿಸಿದ ದಿನ ಅವೆರಡೂ ಒಂದೇ ಕೋಣೆಯಲ್ಲಿದ್ದದ್ದು ಅವರಿಗೆ ಮರೆತೇಹೋಗಿತ್ತು.

ಈರಣ್ಣ ಒಳ್ಳೆಯವನು, ಅದೇ ಕಷ್ಟ. ಕೆಟ್ಟವನಾಗಿದ್ದರೆ ಬೈಯಬಹುದಿತ್ತು. ಖುರ್ಚಿಯ ತುದಿಯಲ್ಲಿ ಕುಳಿತು, ಒಂದೇ ಬೆರಳಿನಿಂದ, ಜೋಳದ ಕಾಳು ಹೆಕ್ಕುವ ಕೋಳಿಯ ಹಾಗೆ ಅಕ್ಷರ ಹುಡುಕಿ ಒತ್ತುತ್ತಿದ್ದ. "ನಿಮ್ಮ ಮಾವ ಹೇಳಿ ಕಳಸ್ಯಾರ," ಎಂದು ಒಮ್ಮೆ ಚುಚ್ಚಿದೆ. ಮುಖ ಕೆಂಪಗಾಗಿ, "ನನ್ನ ಯಾರೂ ಕೇಳಿಲ್ರಿ," ಎಂದ. ಅದು ನಿಜವೆಂದು ಅವನ ಮುಖ ನೋಡಿದರೇ ತಿಳಿಯುತ್ತಿತ್ತು. ಅವನನ್ನು ಯಾರೂ ಯಾವುದಕ್ಕೂ ಕೇಳಿದಂತಿರಲಿಲ್ಲ.

ನಮ್ಮ ಆ ಕಂಪ್ಯೂಟರು ತನ್ನೊಳಗೆ ಏನನ್ನೂ ಇಟ್ಟುಕೊಳ್ಳುತ್ತಿರಲಿಲ್ಲ. ಬರೆದದ್ದನ್ನೆಲ್ಲ ಫ್ಲಾಪಿ ಎಂಬ ಕರಿಯ ಚೌಕದಲ್ಲಿ ಉಳಿಸಬೇಕು. ಸೋಮವಾರದ ಮಾಲು ಹೇಗೂ ಹೋಗಿರಲಿಲ್ಲ. ವಿರೂಪಾಕ್ಷಪ್ಪನವರು ಮುಂಬೈಗೆ "ಪಾರ್ಸಲ್ ಮಾಡೇವ್ರಿ" ಎಂದು ಹೇಳಿ ಕೂತಿದ್ದರು. ಒಂದು ದಿನ ನಾನು ಊಟ ಮಾಡಿ ಬರುವಷ್ಟರಲ್ಲಿ ಈರಣ್ಣ ನಗುಮುಖದಿಂದ, "ಫ್ಲಾಪಿ ಸ್ವಚ್ಛ ಮಾಡಿಟ್ಟೇನ್ರಿ," ಎಂದ. ಹೊಸ ಫ್ಲಾಪಿಗೆ ಫಾರ್ಮ್ಯಾಟ್ ಮಾಡುವುದನ್ನು ಬೆಳಿಗ್ಗೆ ನಾನೇ ಕಲಿಸಿದ್ದೆ. ಇವನು ಹಳೆಯದಕ್ಕೂ ಮಾಡಿದ್ದ. ಮುಂಬೈಯ ಲಾಡ್ಜು, ಅದರ ಕೋಣೆಗಳು, ಗಿರಾಕಿಗಳು, ಅರ್ಧ ಹೊರಟುಹೋದ ಕುಟುಂಬಗಳು, ಎಲ್ಲ ಮಂಗಮಾಯ. ಇನ್ನೊಂದು ಪ್ರತಿ ಇರಲಿಲ್ಲ. ವಿರೂಪಾಕ್ಷಪ್ಪನವರು ಖಾಲಿ ಫ್ಲಾಪಿಗಳನ್ನು ತಿಜೋರಿಯಲ್ಲಿ ಬೆಳ್ಳಿಯ ಜೊತೆ ಇಟ್ಟು, ಒಂದೊಂದೇ ತೆಗೆದುಕೊಡುತ್ತಿದ್ದರು.

ನಾನು ಅತ್ತೆ. ಸ್ಟೂಲಿನ ಮೇಲೆ ಕುಳಿತು, ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತೆ. ಗಂಗವ್ವ ಓಡಿಬಂದು ಮೊಸರಿನ ಗಡಿಗೆ ಒಡೆಯಿತೇನೆಂದು ಕೇಳಿದರು.

ಉಳಿದದ್ದು ಪ್ರಿಂಟರಿನಲ್ಲಿ ಮುದ್ರಿಸಿದ ಕಾಗದ ಮಾತ್ರ. ಅದನ್ನು ನೋಡಿ ಎಲ್ಲವನ್ನೂ ಮತ್ತೆ ಟೈಪ್ ಹೊಡೆಯಬೇಕು. ಈರಣ್ಣ ಕೈಯಿರುವ ಖುರ್ಚಿಯನ್ನು ಸರಿಸಿ, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು, ಕಾಗದ ತೊಡೆಯ ಮೇಲಿಟ್ಟುಕೊಂಡು ಓದತೊಡಗಿದ; ನಾನು ಹೊಡೆಯತೊಡಗಿದೆ. ಅವನಿಗೆ ಒಂದಕ್ಷರದ ಅರ್ಥ ಗೊತ್ತಿಲ್ಲ. ಮನೆಯಲ್ಲಿ ಶ್ರಾವಣದಲ್ಲಿ ಪುರಾಣ ಓದಿ ಅಭ್ಯಾಸವಿದ್ದವನಾದ್ದರಿಂದ ಅದೇ ರಾಗದಲ್ಲಿ ಎಳೆದು ಓದುತ್ತಿದ್ದ: "ಇ...ಫ್ ರೂಮು ಈಸ್ ಈಕ್ವಲ್ ಟು ಝೀ...ರೋ..." ಗಂಗವ್ವ ಸೊಪ್ಪು ಬದಿಗಿಟ್ಟು ಕೈಮುಗಿದು ಕುಳಿತರು. ಓಣಿಯ ಹೆಂಗಸರು ಸೆರಗು ಹೊದ್ದರು. ಪ್ರತಿ "ಎಂಡ್ ಇಫ್" ಬಂದಾಗ ಗಂಗವ್ವ ಭಕ್ತಿಯಿಂದ "ಶಿವಶಿವಾ" ಎನ್ನುತ್ತಿದ್ದರು. ನನ್ನ ಅಳು ಎಲ್ಲಿ ಹೋಯಿತೋ, ನಗು ತಡೆಯಲಾಗದೆ ಹೊಡೆದದ್ದೆಲ್ಲ ತಪ್ಪಾಯಿತು. ಆ ಓದು ಮುಗಿಯಲು ಒಂದು ವಾರ ಹಿಡಿಯಿತು. ಗಿರಾಕಿಗಳು ಒಂದೇ ಕೋಣೆಗೆ ತುಂಬುತ್ತಿದ್ದ ತಪ್ಪೂ ಎರಡನೇ ಸಲ ಹೊಡೆಯುವಾಗ ಕೈಗೆ ಸಿಕ್ಕಿತು. ಮಾಲು ಮುಂಬೈಗೆ ಹೋಯಿತು.

ಅದಾದ ಮೇಲೆ ಒಂದು ಸಂಜೆ, ಕಂಪ್ಯೂಟರಿಗೆ ಬಟ್ಟೆ ಹೊದಿಸುತ್ತಿದ್ದಾಗ, ಈರಣ್ಣ ಗೋಡೆಯ ಕಡೆ ನೋಡುತ್ತ ಹೇಳಿದ: "ಮಾವ ತೋರಿಸಿದ ಕನ್ಯಾ ಎಲ್ಲಾ ಬ್ಯಾಡಂದೇನ್ರಿ."

"ಯಾಕ್ರಿ?"

"ಎಲ್ಲಾರೂ ನಾ ಏನ ಕೆಲಸ ಮಾಡ್ತೀನಂತ ಕೇಳ್ತಾರ್ರಿ. ನನಗ ಹೇಳಾಕ ಬರಂಗಿಲ್ಲ. ನಿಮಗಾದ್ರ ಗೊತ್ತೈತಿ, ನಾ ಏನೂ ಮಾಡಂಗಿಲ್ಲ ಅಂತ." ಹೊದಿಸಿದ ಬಟ್ಟೆಯ ಮೂಲೆ ಎಳೆದು ಸರಿಮಾಡುತ್ತ, "ನೀವು ಹೂಂ ಅಂದ್ರ..." ಎಂದ.

ನನಗೆ ಒಳಗೊಳಗೇ ಸಂತೋಷವಾಗಿತ್ತು. ಆದರೆ ಅಪ್ಪನ ಅವಲಕ್ಕಿ, ಚುರಮುರಿ ನೆನಪಾಯಿತು. ಗಟ್ಟಿಯಾಗಿ ಹೇಳಿದೆ: "ಲಗ್ನಾದ ಮ್ಯಾಲೆ ನೌಕರಿ ಬಿಡಬೇಕಾಗ್ತೈತ್ರಿ."

"ನೀವ್ಯಾಕ ಬಿಡ್ತೀರಿ?"

"ನಾನಲ್ರಿ. ನೀವು."

ಮುಖ ಸಣ್ಣದಾಗುತ್ತದೆ, ಸ್ವಲ್ಪ ನೋಯಲಿ ಎಂದುಕೊಂಡಿದ್ದೆ. ಈರಣ್ಣನ ಮುಖ ಮೋಡ ಸರಿದ ಹೊಲದಂತೆ ಬೆಳಗಿತು. "ಖರೇನ ಬಿಡಬಹುದೇನ್ರಿ?" ಎಂದ. ಆ ತಂಪಿನಲ್ಲಿ ಅವನಿಗೆ ಬಂದಾಗಿನಿಂದ ನೆಗಡಿ. ಹಿಂಗಾರಿ ಬಿತ್ತನೆ ತಪ್ಪಿಹೋಗುತ್ತದೆಂಬ ಚಿಂತೆ ಬೇರೆ. ಮಾವನಿಗೆ ಹೆದರಿ ಬಾಯಿ ಬಿಟ್ಟಿರಲಿಲ್ಲ. ಮರುದಿನವೇ ನೌಕರಿ ಬಿಟ್ಟ. ವಿರೂಪಾಕ್ಷಪ್ಪನವರು "ನನ್ನ ಸುಪರ್‌ವೈಜರ್‌ನ ಓಡಿಸಿದಿ" ಎಂದು ನನ್ನ ಮೇಲೆ ಹರಿಹಾಯ್ದರು. ಮಾವ ಶಲವಡಿಯಿಂದ ಬಂದು ಕೂಗಾಡಿದ. ನೀಲವ್ವ ಮಾತ್ರ, "ಹೊಲಾ ಹಾಳು ಬಿದ್ದೈತಿ, ಮಗ ಮನಿಗೆ ಬಂದ್ರ ಸಾಕು" ಎಂದು ಅಣ್ಣನ ಬಾಯಿ ಮುಚ್ಚಿಸಿದರು. ಮಂದಿ ಏನೂ ಅನ್ನಲಿಲ್ಲ. ಅವರಿಗೆ ಬಿತ್ತನೆಯ ಕಾಲ.

ಹೀಗೆ ಮದುವೆಯಾಗಿ, ಕುಬಿಹಾಳದಿಂದ ದಿನಾ ಬೆಳಿಗ್ಗೆ ಬಸ್ಸು ಹತ್ತಿ ಕುಂದಗೋಳಕ್ಕೆ ಹೋಗಿ, ಅದೇ ಸ್ಟೂಲಿನ ಮೇಲೆ ಕೂಡತೊಡಗಿದೆ. ಸಂಜೆ ಬಂದು ಕಾಲು ತೊಳೆದುಕೊಂಡು ಬೈಗಳ ಸುರು: ಮುಂಬೈಯವರು ಇನ್ನೊಂದು ಸಣ್ಣ ಬದಲಾವಣೆ ಕೇಳಿದರು, ಪಗಾರ ಹೆಚ್ಚು ಮಾಡುತ್ತೇನೆಂದವರು ಮಾಡಲಿಲ್ಲ, ಗಂಗವ್ವ ಈಗ ಹಪ್ಪಳದ ಹಿಟ್ಟನ್ನೂ ಅಲ್ಲೇ ತಂದಿಟ್ಟಿದ್ದಾರೆ. ಗಂಡ ಜೋಳದ ರೊಟ್ಟಿ ಮುರಿಯುತ್ತ ಆರಾಮಾಗಿ ಕೇಳುತ್ತಿದ್ದ. ಅವನ ಮೈ ಆಗ ತುಂಬಿಕೊಂಡಿತ್ತು.

ಒಂದು ದಿನ ಅತ್ತೆ ಒಲೆಯ ಮುಂದಿನಿಂದ ತಿರುಗಿ ನೋಡಿದರು. "ಅಲ್ಲಬೇ, ನನ್ನ ಮಗನ ನೌಕರಿ ಒಂದ ಮಾತಿನಾಗ ಬಿಡಿಸಿದಿ. ಆ ಸಾವಕಾರಗ ಪಗಾರ ಹೆಚ್ಚ ಮಾಡಂತ ಹೇಳಾಕ ನಿನಗ ಬಾಯಿಲ್ಲೇನು?"

ಪಗಾರವೂ ಹೆಚ್ಚಾದರೆ ಸಂಜೆ ಬೈಯಲು ಉಳಿಯುವುದೇನು? ಇನ್ನೊಂದು ರೊಟ್ಟಿ ಹಾಕಿಸಿಕೊಂಡೆ.