ಪುಕ್ಕಟೆ ಆಟ, ದುಡ್ಡಿನ ಬಂದೂಕು

ಕೊಟ್ಟೂರಿನಲ್ಲಿ ನೀವು ಏನನ್ನೇ ಮಾರಲು ಕೂತರೂ ಗಿರಾಕಿಗಳು ಅದನ್ನು ನಮ್ಮ ಸಂತೆಯ ಪದ್ಧತಿಗೆ ತಂದು ನಿಲ್ಲಿಸುತ್ತಾರೆ. ಸೊಪ್ಪಾದರೂ ಸರಿ, ಸೀರೆಯಾದರೂ ಸರಿ. ನಾನು ಮಾರಿದ್ದು ಕೈಗೆ ಸಿಗದ ಬಂದೂಕು, ಅದನ್ನೂ ಬಿಡಲಿಲ್ಲ.

ಎರಡು ಸಾವಿರದ ಎಂಟು-ಒಂಬತ್ತರ ಮಾತು. ಬಟ್ಟೆ ಅಂಗಡಿಯ ಸಾವುಕಾರರೊಬ್ಬರ ಮಳಿಗೆಯನ್ನು ಬಾಡಿಗೆಗೆ ಹಿಡಿದು, ಬಸ್ ಸ್ಟ್ಯಾಂಡ್ ಹತ್ತಿರ ನಾಲ್ಕು ಕಂಪ್ಯೂಟರ್ ಇಟ್ಟಿದ್ದೆ. ಪರೀಕ್ಷೆಯ ಫಲಿತಾಂಶದ ದಿನ ಬಿಟ್ಟರೆ ಉಳಿದ ದಿನವೆಲ್ಲ ನೊಣ ಹೊಡೆಯುವ ಕೆಲಸ. ಇದನ್ನು ನೋಡಿ ನೋಡಿ ಸಾವುಕಾರರು ಒಂದು ದಿನ, "ಯುಗಾದಿತನಕ ನೋಡ್ತೀನಪಾ. ಆಮ್ಯಾಲೆ ಮಳಿಗಿ ಬಿಟ್ಟುಕೊಡು, ಸೀರಿ ಗಂಟು ಇಡಾಕ ಜಾಗ ಬೇಕಾಗೈತಿ" ಎಂದರು. ನನಗೆ ಬರುತ್ತಿದ್ದುದು ಇದೊಂದೇ ಕಸುಬು.

ಆಗ ಸಿಕ್ಕಿದ್ದು ಇಂಟರ್ನೆಟ್ಟಿನಲ್ಲಿ ಗುಂಡು ಹಾರಿಸುವ ಆಟ. ಆಡುವುದು ಪುಕ್ಕಟೆ. ಆದರೆ ಪುಕ್ಕಟೆ ಕೊಡುವ ಪಿಸ್ತೂಲಿನಿಂದ ಎದುರಾಳಿಗೆ ತುರಿಕೆಯೂ ಆಗುವುದಿಲ್ಲ. ಒಳ್ಳೆಯ ಬಂದೂಕು ಬೇಕೆಂದರೆ ದುಡ್ಡು. ನಾನು ಆಟಕ್ಕೆ ದುಡ್ಡು ತುಂಬುವ ಕಂಪನಿಯ ಕಾರ್ಡು ತರಿಸಿ, ಗಿರಾಕಿ ಕೇಳಿದ್ದನ್ನು ಅವರ ಹೆಸರಿಗೆ ಹಾಕಿಕೊಡುತ್ತಿದ್ದೆ. ನಡುವೆ ನನಗೂ ಚೂರು ಲಾಭ.

ಟವೆಲಿನ ವ್ಯಾಪಾರ

ಗುಡೇಕೋಟೆ ಕಡೆಯ ದನದ ದಲ್ಲಾಳಿಯೊಬ್ಬರು ಬಸ್ಸಿಗೆ ಕಾಯಲು ಒಳಗೆ ಬಂದು ಆಟಕ್ಕೆ ಬಿದ್ದರು. ಎರಡು ವಾರ ಪುಕ್ಕಟೆ ಪಿಸ್ತೂಲಿನಲ್ಲಿ ಸತ್ತು ಸತ್ತು ಸಾಕಾಗಿ ಕೊನೆಗೆ ಬಂದೂಕು ಕೊಳ್ಳಲು ಕೂತರು. ಅದರ ಚಿತ್ರವನ್ನು ಹಿಂದೆ ಮುಂದೆ ತಿರುಗಿಸಿ ತೋರಿಸು ಎಂದರು, ತೋರಿಸಿದೆ. ಹಿಂದೆ ಯಾರ ಹತ್ತಿರ ಇತ್ತು, ಯಾಕೆ ಮಾರುತ್ತಿದ್ದಾರೆ ಎಂದು ಕೇಳಿದರು. ಹೊಚ್ಚ ಹೊಸದು, ಯಾರ ಕೈಯಲ್ಲೂ ಇರಲಿಲ್ಲ ಎಂದು ಹೆಮ್ಮೆಯಿಂದ ಹೇಳಿದೆ.

"ಹಂಗಾದ್ರ ಪಳಗಿಲ್ಲ. ರೇಟು ಇಳಿಸು, ತಮ್ಮಾ" ಎಂದರು.

ಎಂದವರೇ ಹೆಗಲ ಮೇಲಿನ ಟವೆಲನ್ನು ನನ್ನ ಕೈಗೆ ಹೊದಿಸಿ, ಒಳಗೆ ಬೆರಳು ಹಿಡಿದರು. ದನದ ಸಂತೆಯಲ್ಲಿ ಬೆಲೆಯನ್ನು ಬಾಯಲ್ಲಿ ಆಡುವುದಿಲ್ಲ. ಸುತ್ತ ನಿಂತವರಿಗೆ ತಿಳಿಯದಂತೆ ಬೆರಳಲ್ಲೇ ಮುಗಿಸುತ್ತಾರೆ. ಇದರ ಬೆಲೆ ಅಗೋ ಪರದೆಯ ಮೇಲೆ ದಪ್ಪಕ್ಷರದಲ್ಲಿ ಇದೆಯಲ್ಲ ಎಂದೆ. ಅವರು ಗಾಬರಿಯಿಂದ ಸುತ್ತ ನೋಡಿ, ಟವೆಲು ಕಿತ್ತು ಮಾನಿಟರಿಗೆ ಹೊದಿಸಿ, "ಮೊದ್ಲ ಹೇಳಬಾರ್ದೇನು? ಎಲ್ಲಾರೂ ನೋಡಾಕತ್ಯಾರ" ಎಂದು ನನ್ನನ್ನೇ ಗದರಿದರು.

ಸೋಮವಾರದ ಸೋಡಿ

ಬಂದೂಕಿನಲ್ಲಿ ಎರಡು ಬಗೆ. ಏಳು ದಿನಕ್ಕೆ ಮಾಯವಾಗುವುದು ಅಗ್ಗ, ಕಾಯಂ ಉಳಿಯುವುದು ಬಲು ತುಟ್ಟಿ. ಹಿರೇಹಡಗಲಿಯಿಂದ ಬಂದು ನಮ್ಮ ಬೀದಿಯಲ್ಲೇ ಗೊಬ್ಬರದ ಅಂಗಡಿ ಇಟ್ಟಿದ್ದ ಗೌಡರು ಏಳು ದಿನದ್ದನ್ನು ಕೊಂಡು, ಸೋಮವಾರದ್ದು ಸೋಡಿ, ಬಿಟ್ಟುಬಿಡು ಎಂದು ಆರು ದಿನದ ದುಡ್ಡು ಇಟ್ಟರು. ಸೋಮವಾರ ಬಸವಣ್ಣನ ವಾರ. ಆ ದಿನ ಅವರ ಮನೆಯಲ್ಲಿ ಎತ್ತಿನ ಹೆಗಲ ಮೇಲೆ ನೊಗ ಇಡುವುದಿಲ್ಲ, ಇನ್ನು ಮನುಷ್ಯರ ಮೇಲೆ ಬಂದೂಕು ಎತ್ತುವುದುಂಟೇ ಎಂಬುದು ಅವರ ವಾದ. ಕಂಪನಿಯವರು ಪರದೇಶದವರು, ಅವರಿಗೆ ಸೋಮವಾರ ತಿಳಿಯುವುದಿಲ್ಲ ಎಂದೆ. ನಿನಗೆ ತಿಳಿಯುತ್ತದಲ್ಲ ಎಂದರು. ಆ ಒಂದು ದಿನದ್ದನ್ನು ನನ್ನ ಜೇಬಿನಿಂದಲೇ ಹಾಕಿದೆ.

ಸೋಮವಾರ ಹಣೆಗೆ ವಿಭೂತಿ ಹಚ್ಚಿಕೊಂಡು ಬಂದು ಸೀದಾ ಕಂಪ್ಯೂಟರ್ ಮುಂದೆ ಕೂತರು. ಗೌಡ್ರೇ, ವಾರ ಎಂದು ನೆನಪಿಸಿದೆ.

"ಗೊತ್ತೈತಿ. ಬಂದೂಕು ಮುಟ್ಟಂಗಿಲ್ಲ. ಚಾಕು ತಗೊಂಡು ಹೊಡಿತೀನಿ. ಅದು ಆಟದ ಜೋಡಿ ಪುಕ್ಕಟೆ ಬಂದೈತಿ."

ಬೀಗರ ಮುಯ್ಯಿ

ಇಂಥ ವ್ಯಾಪಾರದಲ್ಲಿ ಬಾಡಿಗೆ ಎಲ್ಲಿ ಹುಟ್ಟಬೇಕು? ಯುಗಾದಿಗೆ ವಾರವೊಂದು ಉಳಿದಿತ್ತು. ಸಾವುಕಾರರು ತಮ್ಮ ಬೀಗರನ್ನು, ಎಂದರೆ ಹರಪನಹಳ್ಳಿಯ ತಮ್ಮ ಮಗಳ ಮಾವನನ್ನು, ಸೀರೆ ಗಂಟು ಇಡುವ ಜಾಗ ತೋರಿಸಲು ಕರೆತಂದರು. ಬೀಗರು ಗೋಡೆ ನೋಡುವುದು ಬಿಟ್ಟು ಪರದೆ ನೋಡಿದರು, ಇದೇನು ಆಡಿ ನೋಡೋಣ ಎಂದರು. ಬೀಗರ ಮಾತು ತೆಗೆದುಹಾಕುವಂತಿಲ್ಲ. ಇಬ್ಬರೂ ಒಂದೊಂದು ಕಂಪ್ಯೂಟರಿಗೆ ಕೂತರು.

ಆಟದೊಳಗೆ ಒಂದು ಗೋಡೆಯ ಮೂಲೆಯಲ್ಲಿ ಇಬ್ಬರೂ ಎದುರುಬದುರಾದರು.

"ಹೊಡೀರಿ, ಬೀಗ್ರೇ" ಎಂದರು ಸಾವುಕಾರರು.

"ಛೆ ಛೆ, ಹೆಣ್ಣು ಕೊಟ್ಟೋರು ನೀವು. ನೀವೇ ಮೊದ್ಲು ಹೊಡೀರಿ."

ಈ ಉಪಚಾರ ನಡೆದಿರುವಾಗಲೇ ಯಾವ ದೇಶದವನೋ ಒಬ್ಬ ಬಂದು ಇಬ್ಬರನ್ನೂ ಕೊಂದು ಹೋದ. ಮತ್ತೆ ಹುಟ್ಟಿ ಬಂದರು, ಮತ್ತೆ ಉಪಚಾರ, ಮತ್ತೆ ಸಾವು. ಸಾವುಕಾರರ ಮುಖ ಸಣ್ಣದಾಯಿತು. ತಮ್ಮ ಸ್ವಂತ ಮಳಿಗೆಯಲ್ಲಿ ಬೀಗರು ಸಾಯುವುದೆಂದರೇನು? ತಡೆಯುವುದು ಹೇಗೆ ಎಂದು ನನ್ನ ಕಿವಿಯಲ್ಲಿ ಕೇಳಿದರು. ಗುಂಡು ತಡೆಯುವ ಅಂಗಿ ಇದೆ, ಏಳು ದಿನದ್ದು ಹಾಕಲೋ ಕಾಯಂ ಹಾಕಲೋ ಎಂದೆ. ಬೀಗರಿಗೆ ಏಳು ದಿನದ ಬಟ್ಟೆ ಉಡಿಸುವ ಮನೆತನವೇ ನಮ್ಮದು ಎಂದು ಕಣ್ಣು ಬಿಟ್ಟರು.

ಬಟ್ಟೆ ಉಡಿಸಿದ ಮೇಲೆ ಬೀಗರು ಸುಮ್ಮನಿದ್ದಾರೆಯೇ? ಮುಯ್ಯಿಗೆ ಮುಯ್ಯಿ ಮಾಡಲೇಬೇಕು, ಅದೂ ಒಂದು ಕೈ ಮೇಲಾಗಿ. ಅವರು ಸಾವುಕಾರರಿಗೆ ಉದ್ದನೆಯ ಬಂದೂಕು ಕೊಡಿಸಿದರು. ಇವರು ಅವರಿಗೆ ಶಿರಸ್ತ್ರಾಣ ತೊಡಿಸಿದರು. ಅವರು ಬಾಂಬಿನ ಚೀಲ ಕೊಟ್ಟರು. ಎಲ್ಲವೂ ಕಾಯಂ. ಸಂಜೆಯ ಹೊತ್ತಿಗೆ ನನ್ನ ಹತ್ತಿರ ಕಾರ್ಡು ಮುಗಿದವು. ಆ ಇಬ್ಬರೂ ಇನ್ನೂ ಒಬ್ಬರ ಮೇಲೊಬ್ಬರು ಗುಂಡು ಹಾರಿಸಿರಲಿಲ್ಲ.

ಬೀಗರನ್ನು ಬಸ್ಸು ಹತ್ತಿಸಿ ಸಾವುಕಾರರು ವಾಪಸು ಬಂದರು. ಅಷ್ಟು ಲಾಭ ಕಂಡ ದಿನವೂ ನನಗೆ ಮಳಿಗೆಯದೇ ಚಿಂತೆ. ಯುಗಾದಿಗೆ ಮಳಿಗೆ ಖಾಲಿ ಮಾಡಬೇಕೇ ಎಂದು ಮೆಲ್ಲಗೆ ಕೇಳಿದೆ.

"ಖಾಲಿ ಮಾಡಿ ಎಲ್ಲಿಗೆ ಹೋಗ್ತಿ?" ಎಂದು ಕೆಕ್ಕರಿಸಿದರು. "ಬೀಗ್ರು ಕೊಟ್ಟ ಬಂದೂಕು ಈ ಕಂಪ್ಯೂಟರಿನಾಗ ಐತಿ. ನಾಳಿ ಬಂದು ಎಲ್ಲೈತಿ ತೋರ್ಸ್ರಿ ಅಂದ್ರ, ಸೀರಿ ಗಂಟು ಬಿಚ್ಚಿ ತೋರಿಸ್ಲೇನು?"