ಮೊದಲು ಗೋಡೆ ಯಾವುದು ಹೇಳಿ

ಹುಣಸೂರಿನಲ್ಲಿ ಮಿಶನ್ ಅಂಗಡಿ ಇಟ್ಟು ಹದಿನಾಲ್ಕು ವರ್ಷವಾಯಿತು. ಇಷ್ಟು ವರ್ಷದಲ್ಲಿ ನನ್ನ ಎದೆ ಧಸಕ್ಕೆನ್ನದ ದಿನ ಹುಡುಕಿದರೆ ಬರೀ ಭಾನುವಾರಗಳು ಸಿಕ್ಕಾವು, ಅವತ್ತು ಅಂಗಡಿಗೆ ರಜೆ. ಕೊನೆಗೆ ಒಂದು ಭಾನುವಾರವೂ ಕೈಕೊಟ್ಟಿತು.

ಮಿಶನ್ ಅಂದರೆ ಮನೆಯ ಗಾರೆ ಕೆಲಸಕ್ಕೆ ಬೇಕಾದಂಥವು: ತೂತು ಕೊರೆಯುವ ಡ್ರಿಲ್ಲು, ಟೈಲ್ಸ್ ಕೊಯ್ಯುವ ಕಟ್ಟರ್, ಗೋಡೆ ಒಡೆಯುವ ಬ್ರೇಕರ್, ಗಾರೆ ಕಲಸುವ ಮಿಕ್ಸರ್. ಮಾರುವುದೂ ಉಂಟು, ಬಾಡಿಗೆಗೆ ಕೊಡುವುದೂ ಉಂಟು. ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯಿಂದೆಲ್ಲ ಜನ ಬರುತ್ತಾರೆ. ಯಾರೇ ಬಂದು ಯಾವ ಮಿಶನ್ ಒಳ್ಳೆಯದು ಎಂದು ಕೇಳಲಿ, ನನ್ನ ಮಾತು ಒಂದೇ: "ಮೊದಲು ಗೋಡೆ ಯಾವುದು ಹೇಳಿ." ಕಲ್ಲೋ, ಇಟ್ಟಿಗೆಯೋ, ಮಣ್ಣೋ, ಸಿಮೆಂಟ್ ಬ್ಲಾಕೋ. ಗೋಡೆ ಗೊತ್ತಾದರೆ ಮಿಶನ್ ತಾನಾಗಿ ಗೊತ್ತಾಗುತ್ತದೆ. ಈ ಒಂದು ಮಾತಿನಿಂದ ನಾನು ನಾಲ್ಕು ತಾಲ್ಲೂಕಿನಲ್ಲಿ ತಿಳಿದವನು ಅನ್ನಿಸಿಕೊಂಡಿದ್ದೇನೆ.

ನನ್ನ ಎರಡನೆಯ ಮಾತು, "ನೀವೇ ಹಿಡಿದು ನೋಡಿ, ಕೈಗೆ ಒಗ್ಗಬೇಕು." ಇದನ್ನೂ ಜನ ದೊಡ್ಡ ಅನುಭವದ ಮಾತೆಂದೇ ತಿಳಿದಿದ್ದಾರೆ. ನಿಜ ಏನೆಂದರೆ, ಓಡುವ ಮಿಶನ್ ಹಿಡಿಯಲು ನನಗೆ ಭಯ. ಅಂಗಡಿ ಪೂಜೆಯ ದಿನ ಡ್ರಿಲ್ ಓಡಿಸಿ ತೋರಿಸಲು ಹೋಗಿ, ಕರೆಂಟ್ ಹೊಡೆಸಿಕೊಂಡು, ಮಂಗಳಾರತಿ ತಟ್ಟೆಯ ಮೇಲೆ ಕುಕ್ಕರಿಸಿದವನು ನಾನು. ಕಾಲು ಜಾರಿತು ಎಂದು ಎಲ್ಲರಿಗೂ ಹೇಳಿದೆ. ಅಂದಿನಿಂದ ಒಂದು ಮಿಶನ್ನಿನ ಸ್ವಿಚ್ಚನ್ನೂ ಅದುಮಿದವನಲ್ಲ. ಇದು ಹೊರಗೆ ಬಿದ್ದರೆ ಅಂಗಡಿಯ ಮರ್ಯಾದೆ ಏನಾದೀತು? ಹೆಂಡತಿಗೂ ಹೇಳಿರಲಿಲ್ಲ.

ಅವಳು ಕೇಳಿದ್ದಾದರೂ ಏನು, ಅಡುಗೆಮನೆಯ ಗೋಡೆಗೆ ಒಂದು ಹಲಗೆ. ಅದಕ್ಕೆ ನಾಲ್ಕು ತೂತು. "ಊರೋರ್ಗೆಲ್ಲ ಗೋಡೆ ಕೊರ್ಯಕೆ ಯೋಳ್ಕೊಡ್ತೀರಿ, ನಂಗೆ ನಾಕು ತೂತ ಆಕ್ಕೊಡಕ್ಕೆ ಏನ್ ಬಂದೈತೆ?" ಎಂದು ಎರಡು ವರ್ಷದಿಂದ ಕೇಳುತ್ತಿದ್ದಳು. ಒಂದು ಭಾನುವಾರ ಸೊಂಟ ನೋವು, ಇನ್ನೊಂದು ಭಾನುವಾರ ಕರೆಂಟ್ ಸರಿಯಿಲ್ಲ, ಮತ್ತೊಂದು ಭಾನುವಾರ ಅಮಾವಾಸ್ಯೆ. ಹಲಗೆ ಬಾಗಿಲ ಹಿಂದೆ ನಿಂತೇ ಇತ್ತು. ಅದರ ಹಿಂದೆ ಹಲ್ಲಿ ಎರಡು ಸಲ ಸಂಸಾರ ಮಾಡಿತು.

ಹಲ್ಲು ಹಿಡಿದು ನೋಡಿದ್ದು

ರಾವಂದೂರು ಕಡೆಯ ರೈತರೊಬ್ಬರು ಹೊಗೆಸೊಪ್ಪು ಬೇಯಿಸುವ ಹಳೇ ಬ್ಯಾರನ್ನಿನ ಗೋಡೆ ಕೆಡವಬೇಕೆಂದು ಬ್ರೇಕರ್ ಕೊಳ್ಳಲು ಬಂದರು. ಜೊತೆಗೆ ಒಬ್ಬ ಮುದುಕರನ್ನು ಕರೆತಂದಿದ್ದರು. ಮೇಸ್ತ್ರಿ ಇರಬೇಕು ಅಂದುಕೊಂಡೆ.

ಮುದುಕರು ಬ್ರೇಕರಿನ ಸುತ್ತ ಎರಡು ಸುತ್ತು ಬಂದರು. ಬೆನ್ನು ಸವರಿದರು. ಬಾಗಿ, ಉಳಿ ಸಿಕ್ಕಿಸುವ ಬಾಯಿಗೆ ಬೆರಳು ಹಾಕಿ ಒಳಗೆ ಇಣುಕಿದರು. "ವಯಸ್ಸೆಷ್ಟು?" ಎಂದರು.

"ಹೊಸದು ಕಣ್ರೀ!"

"ಎಲ್ರೂ ಅಂಗೇ ಅನ್ನದು." ಆಮೇಲೆ ಏನೂ ಹೇಳದೆ ನನ್ನ ಬಲಗೈ ಎಳೆದುಕೊಂಡು, ಹೆಗಲ ಟವೆಲ್ಲನ್ನು ಮೇಲೆ ಹಾಕಿ, ಒಳಗಿಂದ ನನ್ನ ಬೆರಳುಗಳನ್ನು ಒಂದೊಂದಾಗಿ ಹಿಂಡತೊಡಗಿದರು. ನಾನು ಹೌಹಾರಿದೆ. ಎದುರು ಬೇಕರಿಯವನು ಬನ್ನು ಕೊಯ್ಯುವುದನ್ನು ಬಿಟ್ಟು ನೋಡುತ್ತಿದ್ದ.

"ಇವ್ರು ದನದ ದಲ್ಲಾಳಿ ಕಣ್ರೀ," ರೈತರು ಪಿಸುಗುಟ್ಟಿದರು. "ನಮ್ಮನೇಲಿ ಇವ್ರ್ನ ಕೇಳ್ದೆ ಏನೂ ಕಟ್ಟಲ್ಲ."

ದನದ ಜಾತ್ರೆಯಲ್ಲಿ ಬೆಲೆ ಕುದುರಿಸುವುದು ಹಾಗೆ, ಟವೆಲ್ಲಿನಡಿ, ಬೆರಳಿನಲ್ಲಿ. ಯಾವ ಬೆರಳಿಗೆ ಎಷ್ಟು ಎಂದು ನನಗೇನು ಗೊತ್ತು? ಬಿಡಿಸಿಕೊಂಡರೆ ಸಾಕು ಎಂದು ತಲೆಯಾಡಿಸಿದೆ. ನಾನು ಎಷ್ಟಕ್ಕೆ ಮಾರಿದೆನೆಂಬುದು ಅವರು ದುಡ್ಡು ಕೊಟ್ಟ ಮೇಲೆಯೇ ನನಗೆ ತಿಳಿದದ್ದು. ಪುಣ್ಯಕ್ಕೆ ನಷ್ಟವಾಗಿರಲಿಲ್ಲ.

ಮಿಶನ್ನನ್ನು ಆಟೋಗೆ ಏರಿಸಿ ಆಯಿತು. ಆದರೂ ಮುದುಕರು ಅಂಗಡಿಯ ಒಳಗೆ ಕತ್ತು ಚಾಚಿ ಏನೋ ಹುಡುಕುತ್ತಲೇ ಇದ್ದರು. ಏನು ಬೇಕಿತ್ತು ಎಂದು ಕೇಳಿದೆ.

"ಒಂಟೀದ ನಾವು ಕಟ್ಟಕಿಲ್ಲ," ಎಂದರು. "ಇದ್ರ ಜೋಡಿ ಎಲ್ಲೈತೆ?"

ಬಲಗಡೆ ಹೂವು

ಅಂತರಸಂತೆಯಿಂದ ಬಂದವರಿಗೆ ಬಚ್ಚಲುಮನೆಯ ನೀರಿನ ಪೈಪಿಗೆ ಗೋಡೆಯಲ್ಲಿ ತೂತು ಬೇಕಿತ್ತು. ಡ್ರಿಲ್ಲೋ ಕಟ್ಟರೋ ಎಂದು ಅವರಿಗೆ ಅನುಮಾನ. ಇದರಲ್ಲಿ ಅನುಮಾನಕ್ಕೆ ಏನಿದೆ, ತೂತಿಗೆ ಡ್ರಿಲ್ಲು ಎಂದೆ. ಅವರು ಎರಡರದ್ದೂ ಚಿತ್ರದ ಕಾಗದ ಇಸಿದುಕೊಂಡು, ಮನೆಯಲ್ಲಿ ಕೇಳಿ ಬತ್ತೀನಿ ಎಂದು ಹೋದರು.

ಮೂರು ದಿನ ಬಿಟ್ಟು ಬಂದು, "ಕಟ್ಟರ್ ಕೊಡಿ," ಎಂದರು.

"ಮನೆಯಲ್ಲಿ ಯಾರು ಹೇಳಿದ್ದು ಕಟ್ಟರ್ ಅಂತ?"

"ಮನೆದೇವ್ರು."

ದೇವರ ಮುಂದೆ ಎಡಕ್ಕೆ ಡ್ರಿಲ್ಲಿನ ಕಾಗದ, ಬಲಕ್ಕೆ ಕಟ್ಟರಿನ ಕಾಗದ ಇಟ್ಟು ಹೂವು ಕೇಳಿದ್ದಾರೆ. ಬಲಗಡೆಯ ಹೂವು ಬಿದ್ದಿದೆ. ಮದುವೆಗೆ, ಬೋರ್‌ವೆಲ್ಲಿಗೆ ಹೂವು ಕೇಳುವುದನ್ನು ಕಂಡಿದ್ದೆ. ಕಟ್ಟರಿಗೆ ಕಂಡಿರಲಿಲ್ಲ.

"ಮೊದಲು ಗೋಡೆ ಯಾವುದು ಅಂತ ನೋಡಬೇಕಲ್ವಾ ಸ್ವಾಮಿ?" ಎಂದೆ.

"ದೇವ್ರಿಗೆ ಗೋಡೆ ಯಾವ್ದು ಅಂತ ಗೊತ್ತಿಲ್ವಾ? ನಿಮ್ಗೊಬ್ರಿಗೇ ಗೊತ್ತಿರದಾ?"

ದೇವರ ಮಾತು ಮೀರಿ ವ್ಯಾಪಾರ ಮಾಡುವ ಧೈರ್ಯ ನನಗಿಲ್ಲ, ಕೊಟ್ಟು ಕಳಿಸಿದೆ. ಒಂದು ತಿಂಗಳಾದ ಮೇಲೆ ಬಂದರು. ಕೆಲಸ ಹೇಗಾಯಿತು ಎಂದು ಕೇಳಿದರೆ ಮೊಬೈಲಿನಲ್ಲಿ ಫೋಟೋ ತೋರಿಸಿದರು. ಗೋಡೆಯಲ್ಲಿ ಅಚ್ಚುಕಟ್ಟಾದ ಚೌಕ, ಕೋಳಿ ಹೋಗಿ ಬರುವಷ್ಟು. ನಡುವೆ ಬಡಕಲು ಪೈಪು, ಸುತ್ತ ತುರುಕಿದ ಹಳೇ ಪಂಚೆ.

ಅವರು ನಿಟ್ಟುಸಿರು ಬಿಟ್ಟರು. "ದೇವ್ರುದ್ ತಪ್ಪಿಲ್ಲ ಬುಡಿ. ಪೈಪು ದುಂಡಗೈತೆ ಅಂತ ನಾನೇ ಯೋಳಿರ್ನಿಲ್ಲ."

ಗಂಟಿಲ್ಲದ ಮುದ್ದೆ

ಕಂಪಲಾಪುರದಲ್ಲಿ ಬೀಗರ ಊಟ, ನನಗೂ ಕರೆ ಇತ್ತು. ಅಷ್ಟು ಜನಕ್ಕೆ ಬೇಯಿಸಿದ ಮುದ್ದೆಯಲ್ಲಿ ಹುಡುಕಿದರೂ ಒಂದು ಗಂಟಿಲ್ಲ! ಬೆಣ್ಣೆ ಅಂದರೆ ಬೆಣ್ಣೆ. ಎರಡು ಮುಗಿಸಿ, ನಾಚಿಕೆ ಬಿಟ್ಟು ಮೂರನೆಯದನ್ನೂ ಹಾಕಿಸಿಕೊಂಡೆ. ಕೈ ತೊಳೆದು, ಅಡುಗೆಯವನನ್ನು ಹೊಗಳೋಣವೆಂದು ಶಾಮಿಯಾನದ ಹಿಂದೆ ಹೋದೆ.

ಹಂಡೆಯ ಮುಂದೆ ಅಡುಗೆಯವನು ಕಾಲಗಲಿಸಿ ನಿಂತಿದ್ದ. ಕೈಯಲ್ಲಿ ಎರಡು ಹಿಡಿಯ ಉದ್ದ ಕೋಲಿನ ಮಿಶನ್ನು ಗುರ್ ಎನ್ನುತ್ತಿತ್ತು. ಕೆಳಗೆ ಹಿಟ್ಟು ಗರಗರ ತಿರುಗುತ್ತಿತ್ತು. ನಾನು ಎರಡು ಹೆಜ್ಜೆ ಮುಂದೆ ಹೋಗಿ ನೋಡಿದೆ. ನನ್ನದೇ ಅಂಗಡಿಯ ಗಾರೆ ಮಿಕ್ಸರು! ಹಿಡಿಯ ಮೇಲೆ ನಾನೇ ಬಳಿದ ಹಳದಿ ಬಣ್ಣ. ಹಿಂದಿನ ದಿನ ಯಾರೋ ಬಾಡಿಗೆಗೆ ಒಯ್ದಿದ್ದರು. ಅದರ ಹಿಂದಿನ ವಾರ ಅದು ಹೋಗಿದ್ದದ್ದು ಒಂದು ಕಕ್ಕಸು ಗುಂಡಿಯ ಗಾರೆಗೆ.

ನಾನು ತಿಂದದ್ದು ಮೂರು ಮುದ್ದೆ.

"ಏನಯ್ಯಾ ಇದು ಅನ್ಯಾಯ!" ಎಂದು ಕಿರುಚಿದೆ.

"ತೊಳ್ದಿವ್ನಿ ಕಣ್ರೀ, ಸೋಪಾಕಿ," ಎಂದ ಅವನು, ಮಿಶನ್ ನಿಲ್ಲಿಸದೆ. "ಐದು ಜನ ಕೋಲು ಇಡ್ಕೊಂಡು ತಿರ್ವೋ ಇಟ್ಟು, ಒಬ್ನೇ ಕಲಸ್ಬುಟ್ಟೆ." ನಾನು ಅಂಗಡಿಯವನೆಂದು ತಿಳಿದಾಗ ಅವನ ಮುಖ ಅರಳಿತು. ಇನ್ನೂ ಎರಡು ಬೀಗರ ಊಟ ಒಪ್ಪಿಕೊಂಡಿದ್ದಾನಂತೆ, ಒಂದು ಹೊಸದು ಕೊಳ್ಳಬೇಕಂತೆ. ಬೆವರು ಒರೆಸಿಕೊಂಡು ಗುಟ್ಟು ಕೇಳುವವನಂತೆ ಹತ್ತಿರ ಬಂದ.

"ಅಲ್ಲಾ ಕಣ್ರೀ, ಗಾರೆ ಕಲ್ಸಕ್ಕೂ ಇದು ಚೆನ್ನಾಗೈತೆ ಅಂತಾರಲ್ಲ, ನಿಜ್ವಾ?"

ಎದುರು ಮನೆಗೆ ಕೇಳಬೇಕು

ಕೆ.ಆರ್. ನಗರದಿಂದ ಬಂದವರೊಬ್ಬರಿಗೆ ಡ್ರಿಲ್ ಬೇಕಿತ್ತು. ಸದ್ದು ಕಡಿಮೆ ಇರುವುದನ್ನು ತೋರಿಸಿದೆ.

"ಅದು ಬ್ಯಾಡ. ಎಚ್ಚು ಸದ್ದಿರೋದು ಕೊಡಿ. ಎದುರು ಮನೆಯೋನು ಮಹಡಿ ಕಟ್ಟುಸ್ವಾಗ ಮೂರು ತಿಂಗ್ಳು ನಮ್ಗೆ ನಿದ್ದೆ ಕೊಟ್ಟಿಲ್ಲ. ಈಗ ನಮ್ಮನೇಲಿ ಕೆಲ್ಸ ನಡೀತೈತೆ ಅಂತ ಅವ್ನ್ಗೂ ಗೊತ್ತಾಗ್ಬೇಕು."

ಎಂದಿನಂತೆ, ನೀವೇ ಹಿಡಿದು ನೋಡಿ ಎಂದೆ. ಅವರು ಒಪ್ಪಲಿಲ್ಲ. "ನಾನಿಡ್ಕೊಂಡ್ರೆ ಅವ್ನ ಕಿವೀಗೆ ಎಂಗೆ ಕೇಳ್ತದೆ ಅಂತ ಗೊತ್ತಾಗದೆಂಗೆ? ನಾನು ರಸ್ತೆ ಆಚೆ ನಿಂತ್ಕತೀನಿ, ನೀವು ಓಡ್ಸಿ." ಹೇಳಿದವರೇ ರಸ್ತೆ ದಾಟಿ ಬೇಕರಿಯ ಮುಂದೆ ನಿಂತರು. ಬೇಕರಿಯವನೂ ನೋಡುತ್ತಿದ್ದಾನೆ, ಅಂಗಡಿಯಲ್ಲಿ ಇನ್ನೂ ಮೂವರು ಗಿರಾಕಿಗಳು. ತಪ್ಪಿಸಿಕೊಳ್ಳಲು ದಾರಿಯೇ ಇಲ್ಲ. ಹದಿನಾಲ್ಕು ವರ್ಷದ ಮರ್ಯಾದೆಯನ್ನು ನೆನೆದು, ಕಣ್ಣು ಮುಚ್ಚಿ, ಸ್ವಿಚ್ ಅದುಮಿದೆ.

"ಇನ್ನೂ ಜೋರು!" ಆಚೆಯಿಂದ ಕೂಗಿದರು. ನಾನು ಇನ್ನೂ ಅದುಮಿದೆ. ಮಿಶನ್ನೂ ನಡುಗಿತು, ನಾನೂ ನಡುಗಿದೆ. ಎಷ್ಟು ಹೊತ್ತೋ ತಿಳಿಯದು. ಕಣ್ಣು ಬಿಟ್ಟಾಗ ಅವರು ಎದುರಿಗೆ ನಿಂತಿದ್ದರು.

"ಇದ್ನೇ ಕಟ್ಟಿ ಕೊಡಿ, ಸದ್ದು ಬೋ ಚೆನ್ನಾಗೈತೆ," ಎಂದರು. ಆಮೇಲೆ ಸ್ವಲ್ಪ ತಡೆದು ಕೇಳಿದರು, "ಅಲ್ಲಾ, ಆ ಕಿರ್‍ಚಿದ್ದು ಮಿಶನ್ನೋ, ನೀವೋ?"

ನಾಲ್ಕರಲ್ಲಿ ಮೊದಲನೆಯ ತೂತು

ನಾನು ಡ್ರಿಲ್ ಓಡಿಸಿದ ಸುದ್ದಿ ಬೇಕರಿಯ ಬನ್ನಿನ ಜೊತೆಗೇ ನಮ್ಮ ಮನೆ ಸೇರಿತು. ಹೆಂಡತಿ ಬಾಗಿಲ ಹಿಂದಿನ ಹಲಗೆ ತೆಗೆದು ಧೂಳು ಒರೆಸಿದಳು. "ಕೆ.ಆರ್. ನಗರದೋರ್ಗೆ ಆಯ್ತದೆ, ನಂಗಾಗಲ್ವಾ? ಈ ಭಾನ್ವಾರ ತೂತ ಬೀಳ್ನಿಲ್ಲ ಅಂದ್ರೆ ಒಲೆ ಅಚ್ಚಕಿಲ್ಲ," ಎಂದಳು. ಅವಳು ಹೇಳಿದರೆ ಹೇಳಿದಂತೆಯೇ.

ಹಲಗೆ ಬರಬೇಕಾದ ಗೋಡೆಯ ಬಗ್ಗೆ ಒಂದು ಮಾತು ಹೇಳಬೇಕು. ಅದು ನಮ್ಮ ಮನೆಗೂ ಅಣ್ಣನ ಮನೆಗೂ ನಡುವಿನ ಪಾಲಿನ ಗೋಡೆ. ಆರು ವರ್ಷದ ಹಿಂದೆ ಮನೆ ಭಾಗವಾದಾಗ, ಗೋಡೆಗೆ ಜಾಗ ಯಾರ ಪಾಲಿನಿಂದ ಬಿಡಬೇಕು ಎಂದು ನಾವಿಬ್ಬರೂ ಕಚ್ಚಾಡಿದೆವು. ಇಬ್ಬರೂ ಒಂದು ಅಂಗುಲವನ್ನೂ ಬಿಡಲಿಲ್ಲ. ಬೇಸತ್ತ ಮೇಸ್ತ್ರಿ ಇಟ್ಟಿಗೆಯನ್ನು ಮಲಗಿಸದೆ, ಅಡ್ಡ ನಿಲ್ಲಿಸಿ ತೆಳ್ಳಗೆ ಕಟ್ಟಿ ಹೋದ. ಅಣ್ಣ ಆ ಕಡೆ ಕೆಮ್ಮಿದರೆ ಈ ಕಡೆ ನಮ್ಮ ಲೋಟ ಅಲುಗುತ್ತದೆ. ಅಷ್ಟು ಹತ್ತಿರವಿದ್ದೂ ಆರು ವರ್ಷದಿಂದ ಮಾತಿಲ್ಲ. ನನಗೆ ಅದರಲ್ಲಿ ಹೆಚ್ಚು ನೋವು ಯಾವುದು ಎಂದರೆ ನಗುತ್ತೀರಿ. ನಮ್ಮವ್ವನ ಕೈಯ ಮಾವಿನಕಾಯಿ ಉಪ್ಪಿನಕಾಯಿ ಕಲಿತವರು ಅತ್ತಿಗೆ ಒಬ್ಬರೇ. ಪಾಲಾದ ಮೇಲೆ ನನಗೆ ಅಂಗಡಿಯ ಬಾಟಲಿ ಉಪ್ಪಿನಕಾಯಿಯೇ ಗತಿ. ಪ್ರತಿ ಬೇಸಿಗೆ ಗೋಡೆಯಾಚೆ ಒಗ್ಗರಣೆ ಹಾಕಿದ ವಾಸನೆ ಬಂದಾಗ ನಾನು ಎದ್ದು ಬೀದಿ ಬಾಗಿಲಿಗೆ ಹೋಗಿ ಕೂರುತ್ತಿದ್ದೆ.

ಭಾನುವಾರ ಬೆಳಿಗ್ಗೆ ಅಂಗಡಿಯಿಂದ ಮಿಶನ್ ತಂದೆ. ಚಿಕ್ಕದು ತಂದರೆ ಹೆಚ್ಚು ಹೊತ್ತು ಹಿಡಿದಿರಬೇಕಲ್ಲ, ಆ ಭಯಕ್ಕೆ ಇದ್ದುದರಲ್ಲಿ ದೊಡ್ಡದನ್ನೇ ತಂದೆ. ಬಂಡೆ ಕೊರೆಯುವಂಥದ್ದು. ಮೊಳದುದ್ದದ ಮೊನೆ. ಊರಿಗೆಲ್ಲ ಗೋಡೆ ಯಾವುದೆಂದು ಕೇಳುವ ನಾನು, ನನ್ನ ಗೋಡೆಯನ್ನು ಕೇಳಲಿಲ್ಲ.

ಹೆಂಡತಿ ಸೀಮೆಸುಣ್ಣದಲ್ಲಿ ನಾಲ್ಕು ಗುರುತು ಹಾಕಿದಳು. ಮೊದಲನೆಯದಕ್ಕೆ ಮೊನೆ ಇಟ್ಟು, ಕಣ್ಣು ಮುಚ್ಚಿ, ಮೈಭಾರವೆಲ್ಲ ಬಿಟ್ಟು ಅದುಮಿದೆ. ಅವಳು "ಸಾಕು, ಸಾಕು" ಎಂದಳಂತೆ. ನನಗೆ ಕೇಳಿಸಲಿಲ್ಲ. ಒಮ್ಮೆಲೇ ಗೋಡೆ ಇಲ್ಲದಂತಾಯಿತು. ಮೊನೆ ಬುಡದವರೆಗೆ ನುಗ್ಗಿ, ನನ್ನ ಹಣೆ ಗೋಡೆಗೆ ಬಡಿಯಿತು. ಆ ಕಡೆಯಿಂದ ಅತ್ತಿಗೆ ಕಿಟಾರನೆ ಕಿರುಚಿದರು.

ಎಳೆದುಕೊಂಡೆ. ಮೊನೆ ಕೆಂಪಗಿತ್ತು. ಒದ್ದೆ ಕೆಂಪು. ತುದಿಯಿಂದ ತೊಟ್ಟಿಕ್ಕುತ್ತಿತ್ತು.

ಅವ್ವ ಹಾಸಿಗೆ ಹಿಡಿದಾಗ ನನಗೆ ತುತ್ತು ಮಾಡಿ ಹಾಕಿದ ಅತ್ತಿಗೆ. ಒಂದು ಅಂಗುಲ ಜಾಗಕ್ಕೆ ಅವರ ಮೇಲೆ ಮುನಿಸಿಕೊಂಡವನು ಈಗ ಅವರನ್ನೇ ಕೊರೆದುಬಿಟ್ಟೆನೇ? ಮಿಶನ್ ಕೆಳಗೆ ಬಿಟ್ಟು, ಆ ತೂತಿಗೆ ಬಾಯಿ ಹಚ್ಚಿ, "ಅತ್ತಿಗೇ! ಅಣ್ಣಾ! ತಪ್ಪಾಯ್ತು ಕಣಣ್ಣಾ!" ಎಂದು ಗಳಗಳ ಅತ್ತೆ. ಹೆಂಡತಿ ಸೀಮೆಸುಣ್ಣ ಹಿಡಿದು ಕಲ್ಲಾಗಿ ನಿಂತಿದ್ದಳು.

ಆ ಕಡೆ ಡಬ್ಬವೊಂದು ಉರುಳಿದ ಸದ್ದು. ಆಮೇಲೆ ತೂತಿನಲ್ಲಿ ಒಂದು ಕಣ್ಣು ಕಾಣಿಸಿತು. ಅಣ್ಣನ ಕಣ್ಣು. ನನ್ನನ್ನೊಮ್ಮೆ, ನೆಲದ ಮೇಲಿನ ಮೊನೆಯನ್ನೊಮ್ಮೆ ನೋಡಿತು. ಆರು ವರ್ಷದ ಮೇಲೆ ಅಣ್ಣ ನನ್ನೊಡನೆ ಮಾತಾಡಿದ.

"ಲೇ, ಉಪ್ಪಿನ್‌ಕಾಯಿ ಬೇಕಾಗಿದ್ರೆ ಬಾಗ್ಲಿಗ್ ಬಂದು ಕೇಳ್ಬಾರ್ದೇನ್ಲಾ?"