ಕೆನ್ನೆಯ ಚಕ್ಕುಬಂದಿ

ನನಗೆ ಅನುಮಾನ ಜಾಸ್ತಿ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಸರ್ವೆ ಇಲಾಖೆಯಲ್ಲಿ ಇಪ್ಪತ್ತು ವರ್ಷ ಹೊಲ ಅಳೆದವನಿಗೆ ಅದು ತಾನಾಗಿ ಬರುತ್ತದೆ. ಚಿಕ್ಕಜಾಲದ ರೈತ "ಇದೇ ಸ್ವಾಮಿ ನಮ್ಮ ಗಡಿಕಲ್ಲು" ಎಂದು ಆಣೆ ಇಟ್ಟರೂ ಸರಪಳಿ ಎಳೆಯದೆ ನಾನು ನಂಬಿದ್ದಿಲ್ಲ. ಮನೆಯಲ್ಲೂ ಅದೇ ಕಥೆ, ಕಾಫಿಗೆ ಸಕ್ಕರೆ ಹಾಕಿದ್ದೇನೆ ಎಂದು ಹೆಂಡತಿ ಶಾರದೆ ಹೇಳಿದರೂ ಒಮ್ಮೆ ಕಲಕಿ ನೋಡುತ್ತೇನೆ. ಹೀಗಿರುವಾಗ ನನ್ನ ಎಡಗೆನ್ನೆಯ ಮೇಲೆ ಉಪ್ಪುಕಾಗದದಂಥ ಒರಟು ಕಲೆಯೊಂದು ಎದ್ದಿತು. ಮೊದಲು ಕ್ಷೌರಿಕನ ಕತ್ತಿಯ ಮೇಲೆ ಅನುಮಾನಪಟ್ಟೆ, ಆಮೇಲೆ ಹೊಸ ಸೋಪಿನ ಮೇಲೆ. ಶಾರದೆ ಮಾತ್ರ ನನ್ನನ್ನು ಯಶವಂತಪುರದ ಚರ್ಮದ ಡಾಕ್ಟರ ಬಳಿಗೆ ಎಳೆದುಕೊಂಡು ಹೋದಳು.

ಡಾಕ್ಟರು ಕಲೆಯನ್ನು ಸವರಿ ನೋಡಿ, "ನಿಮ್ದು ತೀರಾ ಬಿಳಿ ಚರ್ಮ. ಇದು ಬಿಸಿಲಿನ ಕೆಲಸ. ಈಗ ಕ್ಯಾನ್ಸರ್ ಅಲ್ಲ, ಬಿಟ್ರೆ ಆಗಬಹುದು. ಐಸ್ ಇಟ್ಟು ಸುಟ್ಟುಬಿಡೋಣ. ಮೇಲಿನ ಚರ್ಮ ಉದುರಿ ಹೊಸದು ಬರುತ್ತೆ" ಎಂದರು. ಐಸಿನಿಂದ ಸುಡುವುದೇ? ಮೂಲೆಯಲ್ಲಿದ್ದ ಸಿಲಿಂಡರಿನ ಗಾಳಿಯಿಂದ ಆ ಐಸು ಮಾಡುತ್ತಾರಂತೆ. ಅಂಥದೇ ಸಿಲಿಂಡರನ್ನು ನಾನು ಮಾರುಕಟ್ಟೆಯ ಗೋಲಿಸೋಡಾ ಅಂಗಡಿಯಲ್ಲಿ ಕಂಡಿದ್ದೆ. ನಾಳೆ ಬರುತ್ತೇನೆಂದು ಹೇಳಿ ನೇರವಾಗಿ ಅಲ್ಲಿಗೇ ಹೋಗಿ ವಿಚಾರಿಸಿದೆ. ಅಂಗಡಿಯವನು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಹೊಟ್ಟೆ ಉಬ್ಬರಕ್ಕೆ ಒಳ್ಳೇದು ಸಾರ್. ಮುಖಕ್ಕೆ ಅಂತ ಇದುವರೆಗೂ ಯಾರೂ ಕೇಳಿಲ್ಲ" ಎಂದ.

ಡಾಕ್ಟರ ಕಡೆ ಮತ್ತೆ ತಲೆ ಹಾಕಲಿಲ್ಲ. ಬದಲಿಗೆ ಕನ್ನಡಿ, ಡಿವೈಡರು, ಸ್ಕೇಲು ಹಿಡಿದು ಕುಳಿತು ಕಲೆಗೆ ಚಕ್ಕುಬಂದಿ ಬರೆದೆ: ಪೂರ್ವಕ್ಕೆ ಮೂಗು, ಪಶ್ಚಿಮಕ್ಕೆ ಕಿವಿ, ಉತ್ತರಕ್ಕೆ ಕಣ್ಣು, ದಕ್ಷಿಣಕ್ಕೆ ಮೀಸೆ. ತಿಂಗಳು ಬಿಟ್ಟು ಮತ್ತೆ ಅಳೆದರೆ ಪೂರ್ವದ ಕಡೆ ಕೂದಲೆಳೆಯಷ್ಟು ಒತ್ತುವರಿಯಾಗಿತ್ತು! ಮೂರು ಸಲ ಅಳೆದೆ. ನಿಜವಾಗಿ ಹೆದರಿದೆ. "ಅಳತೆ ನೀವೇ ಮಾಡಿದ್ದಲ್ವೇನ್ರೀ? ಅದನ್ನಾದ್ರೂ ನಂಬಿ" ಎಂದಳು ಶಾರದೆ.

ಮಾರನೆಯ ದಿನವೇ ಹೋಗಿ ಕೆನ್ನೆ ಒಪ್ಪಿಸಿದೆ. ಐಸು ಮೊದಲು ಮರಗಟ್ಟಿಸಿತು, ಆಮೇಲೆ ಕೆಂಡದಂತೆ ಉರಿಯಿತು. ಬೊಬ್ಬೆ ಎದ್ದು, ಹೆಕ್ಕಳೆಗಟ್ಟಿ, ಹದಿನೈದು ದಿನದಲ್ಲಿ ಉದುರಿತು. ಅಡಿಯಲ್ಲಿ ಎಳೆಗೂಸಿನಂಥ ಚರ್ಮ. ತೋರಿಸಲು ಹೋದಾಗ ಡಾಕ್ಟರು, "ಬಿಸಿಲಲ್ಲಿ ಛತ್ರಿ ಹಿಡಿಯಲ್ವೇನ್ರೀ?" ಎಂದು ಕೇಳಿದರು.

"ಹಿಡೀತೀವಿ ಸಾರ್, ನಕ್ಷೆಗೆ."

ನಮ್ಮಲ್ಲಿ ಅದೇ ಪದ್ಧತಿ. ಬಿಸಿಲಿಗೆ ಕಾಗದ ಮುದುರಿದರೆ ಅಳತೆ ತಪ್ಪುತ್ತದೆ. ಆದ್ದರಿಂದ ಮೂರು ಕಾಲಿನ ಹಲಗೆಯ ಮೇಲಿನ ನಕ್ಷೆಗೆ ನೆರಳು, ಬರೆಯುವವನಿಗೆ ಬಿಸಿಲು. ಡಾಕ್ಟರು ನಗಲೂ ಇಲ್ಲ. "ಇನ್ಮೇಲೆ ಛತ್ರಿ ನಿಮಗೆ" ಎಂದರು.

ಮುಂದಿನ ವಾರ ಹುಣಸಮಾರನಹಳ್ಳಿಯಲ್ಲಿ ಅಣ್ಣತಮ್ಮಂದಿರ ಗಡಿ ತಕರಾರು. ಛತ್ರಿ ಹಿಡಿದಿದ್ದ ನಮ್ಮ ಜವಾನ ಮುನಿಯಪ್ಪನಿಗೆ, "ಸ್ವಲ್ಪ ನನ್ನ ಕಡೆ ವಾಲಿಸಪ್ಪ" ಎಂದೆ. ನಕ್ಷೆಗೆ ಬಿಸಿಲು ಬಿದ್ದದ್ದೇ ತಡ, ಅಲ್ಲಿಯವರೆಗೆ ಒಬ್ಬರ ಮುಖ ಒಬ್ಬರು ನೋಡದಿದ್ದ ಅಣ್ಣತಮ್ಮಂದಿರು ಒಂದಾಗಿ ನನ್ನತ್ತ ನುಗ್ಗಿದರು. ಇಪ್ಪತ್ತು ವರ್ಷ ಜೊತೆಗಿದ್ದ ಮುನಿಯಪ್ಪನೂ ದನಿ ತಗ್ಗಿಸಿ, "ಯಾಕ್ ಸ್ವಾಮಿ, ಅಳತೆ ಎಚ್ಚುಕಮ್ಮಿ ಮಾಡೋ ಯೋಚ್ನೆ ಏನಾರ ಐತಾ?" ಎಂದುಬಿಟ್ಟ.

ಛತ್ರಿ ಮತ್ತೆ ನಕ್ಷೆಗೇ ಹೋಯಿತು. ನಾನೇ ಬಾಗಿ ಅದರಡಿ ಮುಖ ತೂರಿಸಿದೆ. ಅಂದಿನಿಂದ ಹಾಗೇ, ಮೂಗು ಕಾಗದಕ್ಕೆ ತಾಗುವಂತೆ ನಿಂತು ನಕ್ಷೆ ಬರೆಯುತ್ತೇನೆ. ಕೆನ್ನೆ ಚೆನ್ನಾಗಿದೆ, ಸೊಂಟ ಹೋಯಿತು. ಊರೂರಲ್ಲಿ ಮಾತ್ರ ಒಂದೇ ಮಾತು: "ಆ ಸರ್ವೇಯರ್ ಬಲೇ ಅನುಮಾನದವನು ಕಣ್ರಪ್ಪೋ, ಕಾಗ್ದಾನೂ ಮೂಸಿ ನೋಡ್ತಾನೆ."